ಕಲ್ಲೂ ಅದರ ಊರೂ: ವಿಶ್ವವಿದ್ಯಾಲಯದ ಪ್ರಾಚ್ಯವಸ್ತುಸಂಗ್ರಹಾಲಯದ ವಿಚಾರ

ಸವದತ್ತಿಯಿಂದಲೂ ಮುಂದೆ ಬೆಳಗಾವಿಯಿಂದಲೂ ಆಳಿದ ರಟ್ಟರ ವಂಶದಲ್ಲಿ ನಾಲ್ಕನೆಯ ಕಾರ್ತವೀರ್ಯನ ಹೆಸರು ಈ ಸೀಮೆಯ ಓದುಬಲ್ಲ ಮನೆತನಗಳಿಗೆ ಹೊಸದಲ್ಲ. ಅವನ ಕಾಲದ ಶಿಲಾಶಾಸನಗಳಲ್ಲಿ ಒಂದು ನೇಸರಗಿಯದು, ಶಕ 1141ರದು. ಹಬ್ಬೇಶ್ವರ, ಮಾಣಿಕೇಶ್ವರ, ಸಿದ್ಧೇಶ್ವರ ಎಂಬ ಮೂರು ಲಿಂಗಗಳ ವೃತ್ತಾಂತವು ಅದರಲ್ಲಿ ಬರುವುದು. ಇನ್ನೆರಡು ಬೆಳಗಾವಿಯವು, ಶಕ 1127ರವು. ಕಾರ್ತವೀರ್ಯನ ಮಂತ್ರಿಯಾದ ಬೀಚಣನು ಕಟ್ಟಿಸಿದ ರಟ್ಟಜಿನಾಲಯಕ್ಕೆ ಬಿಟ್ಟ ದತ್ತಿಗಳನ್ನು ಅವು ಹೇಳುವುವು. ನೇಸರಗಿಯ ಶಾಸನವನ್ನು ಓದಬೇಕೆನ್ನುವವನು ನೇಸರಗಿಯ ಹಾದಿಯನ್ನು ಹಿಡಿದನು. ಬೆಳಗಾವಿಯ ಎರಡು ಕಲ್ಲುಗಳನ್ನು ಕಾಣಬೇಕೆನ್ನುವವನು ಮಾತ್ರ ಸಮುದ್ರವನ್ನು ದಾಟಿ ಲಂಡನ್ನಿನ ಬ್ರಿಟಿಷ್ ಮ್ಯೂಜಿಯಮ್ಮಿಗೆ ಹೋಗಬೇಕು. ಒಬ್ಬನೇ ಅರಸನ ಕಾಲದ, ಹದಿನಾಲ್ಕು ಹದಿನೈದು ವರ್ಷಗಳ ಅಂತರದ ಈ ಕಲ್ಲುಗಳ ಹಣೆಬರಹವು ಹೀಗೆ ಬೇರೆಬೇರೆಯಾಯಿತು.

ಈ ಎರಡರ ನಡುವೆ ಮೂರನೆಯ ಹಾದಿಯೊಂದುಂಟು. ಅದು ಧಾರವಾಡದ ಹಾದಿ. ಎಂದರೆ ವಿಶ್ವವಿದ್ಯಾಲಯದ ಸಂಗ್ರಹಾಲಯದ ಹಾದಿ. ಊರಿನ ಕಲ್ಲನ್ನು ಎತ್ತಿ ಅಲ್ಲಿಗೆ ಒಯ್ಯುವುದೆಂದರೆ ಊರಿಗೆ ನಷ್ಟವೋ, ನಾಡಿಗೆ ಲಾಭವೋ ಎಂಬ ಪ್ರಶ್ನೆಯು ಹಳ್ಳಿಯ ಕಟ್ಟೆಯ ಮೇಲೂ ವಿದ್ವಾಂಸರ ಸಭೆಯಲ್ಲಿಯೂ ಏಳತಕ್ಕದ್ದೇ. ಆದರೆ ಅದಕ್ಕೆ ಉತ್ತರ ಹೇಳುವ ಮುನ್ನ ವಿಶ್ವವಿದ್ಯಾಲಯಕ್ಕೆ ಇಂಥದೊಂದು ಸಂಗ್ರಹಾಲಯವು ಏತಕ್ಕೆ ಬೇಕು, ಅದು ಮಾಡಬೇಕಾದ ಕೆಲಸವೇನು, ಮಾಡಿದುದೆಷ್ಟು ಎಂಬುದನ್ನು ತೂಗಿ ನೋಡುವುದು ನ್ಯಾಯವು.

ನಮ್ಮ ಕಡೆಯ ಜನರು ಮ್ಯೂಜಿಯಮ್ಮಿಗೆ ಬಹುಕಾಲ ಅಜಬಖಾನೆ ಎನ್ನುತ್ತಿದ್ದರು. ಅಜಬವಾದುದನ್ನು, ಎಂದರೆ ವಿಚಿತ್ರವಾದುದನ್ನು, ಒಟ್ಟುಹಾಕಿಟ್ಟ ಮನೆ ಎಂದು ಅದರರ್ಥ. ಹೆಸರು ತಪ್ಪೇನೂ ಅಲ್ಲ. ಜಾತ್ರೆಗೆ ಬಂದವನು ಹುಲಿಯ ಚರ್ಮವನ್ನೂ ಅರಸನ ಖಡ್ಗವನ್ನೂ ಭಗ್ನವಿಗ್ರಹವನ್ನೂ ಒಂದೇ ಬಗೆಯ ಅಚ್ಚರಿಯಿಂದ ನೋಡಿ ಹೊರಬೀಳುವನು. ಅವನ ಅಚ್ಚರಿಗೂ ಒಂದು ಬೆಲೆಯುಂಟು. ಕಿತ್ತೂರಿನ ಕೋಟೆಯೊಳಗೆ 1967ರಲ್ಲಿ ಏರ್ಪಟ್ಟ ಸರಕಾರದ ಸಂಗ್ರಹಾಲಯದ ಕೆಲಸವು ಇದಕ್ಕಿಂತ ಒಂದು ಮೆಟ್ಟಿಲು ಮೇಲಿನದು. ಹಾಳುಬಿದ್ದ ಅರಮನೆಯ ಪಕ್ಕದಲ್ಲಿಯೇ ಆ ಅರಮನೆಯ ಕಾಲದ ವಸ್ತುಗಳನ್ನು ಕಂಡವನಿಗೆ ವಸ್ತುವೂ ಸ್ಥಳವೂ ಒಂದನ್ನೊಂದು ವಿವರಿಸಿಕೊಡುವುವು. ವಿಶ್ವವಿದ್ಯಾಲಯದ ಸಂಗ್ರಹಾಲಯಕ್ಕೆ ಈ ಅನುಕೂಲವಿಲ್ಲ; ಅಲ್ಲಿರುವುದೆಲ್ಲವೂ ಬೇರೆಡೆಯಿಂದ ಬಂದುದೇ. ಅದು ಅಚ್ಚರಿಯ ಮನೆಯೂ ಆಗಲಾರದು, ಸ್ಮಾರಕವೂ ಆಗಲಾರದು. ರಸಾಯನಶಾಸ್ತ್ರದವರಿಗೆ ಪ್ರಯೋಗಶಾಲೆ ಹೇಗೋ ಇತಿಹಾಸದ ವಿದ್ಯಾರ್ಥಿಗೆ ಅದು ಹಾಗೆ. ಆದುದರಿಂದ ಅದನ್ನು ಅಳೆಯುವ ಕೋಲೂ ಬೇರೆ. ಬಂದವರೆಷ್ಟು ಮಂದಿ, ವಿಗ್ರಹಗಳೆಷ್ಟು ಸುಂದರ ಎಂದು ಕೇಳುವುದಕ್ಕಿಂತ, ಅಲ್ಲಿಂದ ಓದಬಲ್ಲವರೆಷ್ಟು ಮಂದಿ ಹೊರಬಂದರು, ಅಲ್ಲಿಯ ವಸ್ತುಗಳಿಂದ ಹೊಸದಾಗಿ ತಿಳಿದುಬಂದುದೇನು ಎಂದು ಕೇಳಬೇಕು.

ಇಂಥ ಮನೆಯಿಲ್ಲದ ಕಾಲದಲ್ಲಿಯೂ ಸಂಶೋಧನೆಯು ನಡೆದೇ ಇದ್ದಿತು. ವಿಚಿತ್ರವೆಂದರೆ ಅದರ ಮೊದಲ ಎಳೆಯೊಂದು ಕಿತ್ತೂರಿಗೇ ಬಂದು ಸೇರುವುದು. 1824ರ ಅಕ್ಟೋಬರ 23ರಂದು ಕಿತ್ತೂರಿನ ಕೋಟೆಯ ಮುಂದೆ ಕಲೆಕ್ಟರ ಥ್ಯಾಕರೆಯು ಹತನಾದಾಗ ಅವನ ಕೈಕೆಳಗಿನ ಇಬ್ಬರು ತರುಣ ಅಧಿಕಾರಿಗಳು ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕರಷ್ಟೆ. ಅವರಲ್ಲೊಬ್ಬನು ವಾಲ್ಟರ್ ಎಲಿಯಟ್. ಬಿಡುಗಡೆಯಾದ ಬಳಿಕ ಈ ನಾಡಿನಲ್ಲಿಯೇ ಅಧಿಕಾರ ನಡೆಸುತ್ತ ಆತನು 595 ಶಾಸನಗಳ ನಕಲುಗಳನ್ನು ಮಾಡಿಸಿ ಕೂಡಿಸಿದನು. 1837ರಲ್ಲಿ ಅವುಗಳ ಆಧಾರದಿಂದ ಚಾಲುಕ್ಯಾದಿ ವಂಶಗಳ ಚರಿತ್ರೆಯನ್ನು ಮೊದಲ ಬಾರಿಗೆ ಒಂದು ಕ್ರಮಕ್ಕೆ ತಂದನು. ಆದರೆ ಆ ನಕಲುಗಳು ಕಣ್ಣಿನಿಂದ ಓದಿ ಕೈಯಿಂದ ಬರೆದವು. ಬರೆದವನು ತಪ್ಪಿದಲ್ಲಿ ಚರಿತ್ರೆಯೂ ತಪ್ಪಿತು. ಮುಂದೆ ಫ್ಲೀಟ ಸಾಹೇಬರು ಬಂದು ರಟ್ಟರ ಶಾಸನಗಳನ್ನು, ನೇಸರಗಿಯದನ್ನೂ ಕೂಡಿಕೊಂಡು, ಮುಂಬಯಿಯ ಏಶಿಯಾಟಿಕ್ ಸೊಸಾಯಿಟಿಯ ಶಾಖೆಯ ಪತ್ರಿಕೆಯ ಹತ್ತನೆಯ ಸಂಪುಟದಲ್ಲಿ ಪ್ರಕಟಿಸಿದರು. ಕನ್ನಡ ಜಿಲ್ಲೆಗಳ ಅರಸುಮನೆತನಗಳ ಮೇಲಣ ಅವರ ಗ್ರಂಥವು 1882ರಲ್ಲಿ ಹೊರಬಂದಿತು. ಇಂದಿಗೂ ಅದನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಈ ಇಬ್ಬರ ಪಾಂಡಿತ್ಯವನ್ನೂ ಶ್ರಮವನ್ನೂ ಎಷ್ಟು ಹೊಗಳಿದರೂ ಸಲ್ಲುವುದು. ಆದರೂ ಒಂದು ಮಾತನ್ನು ಹೇಳದಿರಲಾಗದು: ಅವರು ತಾವು ಓದಿದರು; ಈ ನೆಲದ ಹುಡುಗನಿಗೆ ಓದಲು ಕಲಿಸಲಿಲ್ಲ. ಅದು ಅವರ ಉದ್ಯೋಗವೂ ಆಗಿರಲಿಲ್ಲ. ಅಧಿಕಾರಿಗೆ ವರ್ಗವಾದರೆ ವಿದ್ಯೆಯೂ ಅವನೊಡನೆ ವರ್ಗವಾಗುತ್ತಿದ್ದಿತು. ಆಲೂರ ವೆಂಕಟರಾಯರು 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಲವನ್ನು ಕಟ್ಟಿದುದೂ, 1939ರಲ್ಲಿ ಮುಂಬಯಿ ಸರಕಾರವು ಧಾರವಾಡದಲ್ಲಿ ಕನ್ನಡ ಸಂಶೋಧನ ಸಂಸ್ಥೆಯನ್ನು ತೆರೆದುದೂ ಈ ಕೊರತೆಗೆ ದೊರೆತ ಉತ್ತರಗಳು. ಸಂಸ್ಥೆಯ ಮೊದಲ ನಿರ್ದೇಶಕರಾದ ಶ್ರೀ ಆರ್. ಎಸ್. ಪಂಚಮುಖಿಯವರು ಶಾಸನಗಳ ಪಡಿಯಚ್ಚುಗಳನ್ನು ಸಂಗ್ರಹಿಸಿ, ‘ಕರ್ನಾಟಕ್ ಇನ್‌ಸ್ಕ್ರಿಪ್ಶನ್ಸ್’ ಎಂಬ ಮಾಲೆಯ ಮೊದಲ ಸಂಪುಟವನ್ನು 1941ರಲ್ಲಿ ಹೊರತಂದರು. ವೀರಗಲ್ಲು, ವಿಗ್ರಹ, ತಾಮ್ರಪಟ, ನಾಣ್ಯ, ಓಲೆಗರಿಗಳು ಬಂದು ಸೇರಿ ಸಂಸ್ಥೆಗೆ ಸಂಗ್ರಹಾಲಯವೊಂದಾಯಿತು. 1949ರಲ್ಲಿ ಹುಟ್ಟಿದ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಮುಂದೆ ಈ ಸಂಸ್ಥೆಯು ಸೇರಿತು. ಗೋಕಾಕ ತಾಲೂಕಿನ ಮಮದಾಪುರದವರಾದ ಶ್ರೀ ಡಿ. ಸಿ. ಪಾವಟೆಯವರು ಕುಲಪತಿಗಳಾಗಿದ್ದ ಆ ಕಾಲದಲ್ಲಿ ಪ್ರಾಚೀನ ಭಾರತದ ಇತಿಹಾಸ ಮತ್ತು ಶಾಸನಶಾಸ್ತ್ರಗಳ ವಿಭಾಗಕ್ಕೆ ಶ್ರೀ ಪಿ. ಬಿ. ದೇಸಾಯಿಯವರಂಥ ಶಾಸನಪಂಡಿತರು ಬಂದರು. ಕಲಿಸುವ ವಿಭಾಗವೂ ಸಂಶೋಧಿಸುವ ಸಂಸ್ಥೆಯೂ ವಸ್ತುಗಳ ಸಂಗ್ರಹವೂ ಒಂದೇ ಆವರಣದಲ್ಲಿ ಕೂಡಿದುದು ಆಗಲೇ. ಇದು ಕೇವಲ ಆಡಳಿತದ ಅನುಕೂಲವಲ್ಲ. ಈ ಮೂರೂ ಒಂದೆಡೆ ಇದ್ದಲ್ಲದೆ ಶಾಸನವಿದ್ಯೆಯು ಗುರುವಿನಿಂದ ಶಿಷ್ಯನಿಗೆ ಇಳಿಯದು.

ಏಕೆ ಇಳಿಯದು ಎಂಬುದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅಚ್ಚಾದ ಪುಸ್ತಕದಲ್ಲಿ ಶಾಸನವು ನುಣುಪಾಗಿರುವುದು. ಸಂಪಾದಕನು ಅಕ್ಷರಗಳನ್ನು ಇಂದಿನ ಲಿಪಿಗೆ ತಿರುಗಿಸಿರುವನು, ಪದಗಳನ್ನು ಬಿಡಿಸಿರುವನು, ಮುಕ್ಕಾದ ಎಡೆಯಲ್ಲಿ ತನ್ನ ಊಹೆಯನ್ನು ಕಂಸದಲ್ಲಿ ಇಟ್ಟಿರುವನು. ವಿದ್ಯಾರ್ಥಿಗೆ ಅದು ಉಂಡು ಮುಗಿದ ಎಲೆಯಂತೆ. ಅಡಿಗೆಯು ಹೇಗಾಯಿತೆಂಬುದು ಅದರಿಂದ ತಿಳಿಯದು. ಕಲ್ಲಿನ ಮುಂದೆ ನಿಂತಾಗಲೇ ಸಂಪಾದಕನ ಕಷ್ಟವೂ ಸಾಹಸವೂ, ಒಮ್ಮೊಮ್ಮೆ ಅವನ ಆತುರವೂ, ಕಣ್ಣಿಗೆ ಕಟ್ಟುವುದು. ಮೊದಲು ಕಲ್ಲನ್ನು ತೊಳೆಯಬೇಕು. ಅಕ್ಷರದ ಗೀರುಗಳಲ್ಲಿ ಸೇರಿದ ಎಣ್ಣೆಜಿಡ್ಡನ್ನೂ ಸುಣ್ಣವನ್ನೂ ಮೆಲ್ಲಗೆ ಬಿಡಿಸಬೇಕು. ನೀರಿನಲ್ಲಿ ನೆನೆದ ಕಾಗದವನ್ನು ಹಾಸಿ, ಗಟ್ಟಿಕೂದಲಿನ ಕುಂಚದಿಂದ ಸಮವಾಗಿ ಬಡಿದು, ಪ್ರತಿಯೊಂದು ಗೀರಿನೊಳಕ್ಕೂ ಅದು ಇಳಿಯುವಂತೆ ಮಾಡಬೇಕು. ಕಾಗದವು ಅರೆಬರೆ ಒಣಗಿದಾಗ ಮಸಿಯ ಗುಂಡನ್ನು ಹಗುರವಾಗಿ ತಟ್ಟುತ್ತ ಹೋದರೆ ಹಿನ್ನೆಲೆಯು ಕಪ್ಪಾಗಿ ಅಕ್ಷರವು ಬೆಳ್ಳಗೆ ಉಳಿಯುವುದು. ಮಸಿಯು ಹೆಚ್ಚಿದರೆ ಅಕ್ಷರವೇ ತುಂಬಿಹೋಗುವುದು; ಬಡಿತವು ಹೆಚ್ಚಿದರೆ ಕಾಗದವು ಹರಿಯುವುದು. ಇದನ್ನು ಉಪನ್ಯಾಸದಿಂದ ಕಲಿಸಲಾಗದು. ನಾಲ್ಕು ಕಾಗದ ಹರಿದವನಿಗೆ ಐದನೆಯದು ಬರುವುದು. ಆ ನಾಲ್ಕನ್ನು ಹರಿಯಲು ಒಂದು ಕಲ್ಲು ಬೇಕು, ತಿದ್ದುವವರು ಬೇಕು, ದಿನಗಟ್ಟಲೆ ಸಮಯ ಬೇಕು. ಗುಡಿಯ ಬಾಗಿಲಿನಲ್ಲಿ ಪೂಜೆಗೆ ಬಂದ ಜನರ ನಡುವೆ ಈ ವಿದ್ಯೆಯ ಮೊದಲ ಪಾಠಗಳನ್ನು ಹೇಳುವುದು ಆಗದ ಮಾತು.

ಅಚ್ಚು ತೆಗೆದ ಮೇಲೆ ಓದು. ಸೊಗಲದ ಶಾಸನವು 980ರದು, ನೇಸರಗಿಯದು 1218ರ ಸುಮಾರಿನದು. ಇವುಗಳ ಅಚ್ಚುಗಳನ್ನು ಪಕ್ಕಪಕ್ಕದಲ್ಲಿ ಹರಡಿದರೆ ಎರಡು ನೂರು ಚಿಲ್ಲರೆ ವರ್ಷಗಳಲ್ಲಿ ಕನ್ನಡದ ಅಕ್ಷರವು ಹೇಗೆ ನಡೆದುಬಂದಿತೆಂಬುದನ್ನು ಎರಡು ಹಳ್ಳಿಗಳ ಕಲ್ಲುಗಳಿಂದಲೇ ತೋರಿಸಿಕೊಡಬಹುದು. ತಲೆಕಟ್ಟು ಎಲ್ಲಿ ಹರವಾಯಿತು, ‘ಮ’ಕಾರ ‘ವ’ಕಾರಗಳು ಎಷ್ಟು ಹತ್ತಿರ ಬಂದವು, ಹಳಗನ್ನಡದ ‘ೞ’ಕಾರವು ಎಲ್ಲಿ ಸರಿಯಾಗಿ ನಿಂತಿದೆ, ಎಲ್ಲಿ ಅದರ ಸ್ಥಳದಲ್ಲಿ ಬೇರೆ ಅಕ್ಷರವು ಬಂದು ಕುಳಿತಿದೆ ಎಂಬುದನ್ನು ಗಮನಿಸಲು ಕಲಿತವನು, ತೇದಿ ಮುಕ್ಕಾದ ಕಲ್ಲಿನ ಕಾಲವನ್ನೂ ಅಂದಾಜುಮಾಡಬಲ್ಲವನಾಗುವನು. ಈ ಅಂದಾಜು ಕೇವಲ ಊಹೆಯಲ್ಲ. ತೇದಿಯುಳ್ಳ ನೂರು ಅಚ್ಚುಗಳನ್ನು ಕಂಡ ಕಣ್ಣಿಗೆ ಮಾತ್ರ ಬರುವ ಪರಿಣತಿ ಇದು. ಆ ನೂರು ಅಚ್ಚುಗಳು ಒಂದೇ ಕಪಾಟಿನಲ್ಲಿ ಇರುವ ಸ್ಥಳವು ಸಂಶೋಧನ ಸಂಸ್ಥೆಯಲ್ಲದೆ ಮತ್ತೊಂದಿಲ್ಲ.

ತೇದಿಯ ಲೆಕ್ಕದಲ್ಲಿಯೂ ಹೀಗೆಯೇ. ಶಕವರ್ಷಕ್ಕೆ 78ನ್ನು ಕೂಡಿಸಿದರೆ ಕ್ರಿಸ್ತಶಕವು ಬರುವುದೆಂದು ಶಾಲೆಯ ಮಕ್ಕಳೂ ಬಲ್ಲರು. ಬೆಳಗಾವಿಯ ಆ ಎರಡು ಶಾಸನಗಳಿಗೆ ಈ ಸೂತ್ರವನ್ನು ಹಚ್ಚಿದರೆ 1127ಕ್ಕೆ 1205 ಬರಬೇಕು. ಆದರೆ ಕಲ್ಲಿನ ಮೇಲೆ ರಕ್ತಾಕ್ಷಿ ಸಂವತ್ಸರವೆಂದೂ ಪೌಷಮಾಸವೆಂದೂ ಇರುವುದು. ಅದು 1204ರ ಡಿಸೆಂಬರಕ್ಕೆ ಕೂಡುವುದೇ ಹೊರತು 1205ಕ್ಕೆ ಅಲ್ಲ. ಎಂದರೆ ಶಾಸನವನ್ನು ಬರೆಯಿಸಿದವರು ಕಳೆದ ವರ್ಷವನ್ನು ಬಿಟ್ಟು ನಡೆಯುತ್ತಿರುವ ವರ್ಷವನ್ನು ಎಣಿಸಿದ್ದರು. ಒಂದು ವರ್ಷದ ಈ ವ್ಯತ್ಯಾಸವನ್ನು ಅರಿಯದವನು ರಟ್ಟರ ದಾನಗಳ ಕಾಲವನ್ನೂ ದಂಡಯಾತ್ರೆಗಳ ಕಾಲವನ್ನೂ ಹಿಂದುಮುಂದು ಮಾಡಿಬಿಡುವನು. ವಿದ್ಯಾರ್ಥಿಯು ತಾನೇ ಲೆಕ್ಕಹಾಕಿ, ತಪ್ಪಿ, ಸಂವತ್ಸರದ ಹೆಸರಿನಿಂದ ತಿದ್ದಿಕೊಂಡರೆ ಅದು ಜನ್ಮಕ್ಕೂ ಮರೆಯದು.

ಅಕ್ಷರವಿಲ್ಲದ ಕಲ್ಲುಗಳಿಗೂ ಓದು ಉಂಟು. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು: ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ದೇವಕನ್ನಿಕೆಯರು, ಮೇಲೆ ಅವನು ಕಂಡ ಲೋಕ. ತುರುಗಳ ಹಿಂಡು ಕೆತ್ತಿದ್ದರೆ ಅದು ತುರುಗೋಳಿನ ಕಾಳಗ. ಕುದುರೆಯ ಜೀನು, ಬಿಲ್ಲಿನ ಬಾಗು, ತಲೆಯ ತುರುಬು ಇವುಗಳಿಂದ ಕಾಲವೂ ಪ್ರಾಂತವೂ ಹೊಳೆಯುವುವು. ಭಾವಚಿತ್ರವನ್ನು ನೋಡಿದವನಿಗೆ ಇವು ಕಾಣುವುದು ಅರ್ಧ. ಓರೆಬೆಳಕಿನಲ್ಲಿ ಕಲ್ಲಿನ ಸುತ್ತ ತಿರುಗಿದವನಿಗೆ ಪೂರ್ಣ. ತಾಮ್ರಪಟದ ಬಳೆಯು ಕತ್ತರಿಸಿದೆಯೋ ಇಲ್ಲವೋ, ಮುದ್ರೆಯು ಆ ವಂಶದ್ದೇ ಹೌದೋ ಅಲ್ಲವೋ ಎಂಬುದು ಪಟವನ್ನು ಕೈಯಲ್ಲಿ ಹಿಡಿದಾಗ ಏಳುವ ಪ್ರಶ್ನೆ. ಕೃತ್ರಿಮಶಾಸನಗಳನ್ನು ಹಿಡಿದುಹಾಕಿದ ವಿದ್ವಾಂಸರೆಲ್ಲರೂ ಮೊದಲು ಕೇಳಿದುದು ಇಂಥ ಪ್ರಶ್ನೆಗಳನ್ನೇ.

ಇನ್ನು ಸಂಶೋಧನೆಯ ಮಾತು. ಇಲ್ಲಿ ಧಾರವಾಡದ ಪರಂಪರೆಯನ್ನು ಹೊಗಳುವುದರ ಜೊತೆಗೆ ಅದರ ಒಂದು ವಾಲಿಕೆಯನ್ನೂ ಹೇಳಬೇಕಾಗುವುದು. ಕನ್ನಡ ಸಂಶೋಧನ ಸಂಸ್ಥೆಯು ಹುಟ್ಟಿದ 1939ರಲ್ಲಿಯೇ ಪುಣೆಯ ಡೆಕ್ಕನ್ ಕಾಲೇಜು ಸಂಶೋಧನ ಮಂದಿರವಾಗಿ ಮರುಹುಟ್ಟನ್ನು ಪಡೆಯಿತು, ಶ್ರೀ ಎಚ್. ಡಿ. ಸಾಂಕಳಿಯಾ ಅವರು ಅಲ್ಲಿಗೆ ಬಂದರು. ಪುಣೆಯವರು ನದಿಯ ದಂಡೆಗಳಲ್ಲಿ ಅಲೆದು ಶಿಲಾಯುಗದ ಆಯುಧಗಳನ್ನೂ ಹಾಳುದಿಬ್ಬಗಳಿಂದ ಗಡಿಗೆಯ ಚೂರುಗಳನ್ನೂ ಮೂಟೆಗಟ್ಟಿ ತಂದರು. ಧಾರವಾಡದವರು ಶಾಸನವನ್ನೂ ಓಲೆಗರಿಯನ್ನೂ ತಂದರು. ಭಾಷೆಯ ಅಭಿಮಾನವೇ ತಾಯಿಯಾದ ಸಂಸ್ಥೆಯು ಅಕ್ಷರದ ಕಡೆಗೆ ಒಲಿದುದು ಸಹಜವು. ಏಕೀಕರಣದ ಹಂಬಲದ ಆ ದಿನಗಳಲ್ಲಿ ಕನ್ನಡದ ಎಲ್ಲೆಯನ್ನು ತೋರಿಸುವ ಶಾಸನಕ್ಕಿಂತ ದೊಡ್ಡ ಸಾಕ್ಷಿಯು ಮತ್ತಾವುದಿದ್ದಿತು? ಆದರೂ ಅಕ್ಷರವನ್ನು ಬರೆಯಿಸಿದವರು ಅರಸರು, ಮಂತ್ರಿಗಳು, ಸೆಟ್ಟಿಗಳು. ಗಡಿಗೆಯನ್ನು ಮಾಡಿದವನೂ ಅದರಲ್ಲಿ ಅಂಬಲಿಯನ್ನು ಕಾಯಿಸಿದವಳೂ ಶಾಸನದಲ್ಲಿ ಇಲ್ಲ. ಅವರನ್ನು ಕಾಣಬೇಕಾದರೆ ಬೋಕಿಯನ್ನೇ ಓದಬೇಕು.

ಬೋಕಿಯ ಓದು ನಗೆಪಾಟಲಿನದೆಂದು ಯಾರಾದರೂ ಎಣಿಸಿದರೆ ಅವರು ಎರಡು ಸಂಗತಿಗಳನ್ನು ನೆನೆಯಬೇಕು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಅಮೀಲಿಯಾ ಎಡ್ವರ್ಡ್ಸ್ ಎಂಬ ಮಹಿಳೆಯ ಮೃತ್ಯುಪತ್ರದ ಹಣದಿಂದ 1892ರಲ್ಲಿ ಪ್ರಾಚೀನ ಈಜಿಪ್ಟಿನ ಅಭ್ಯಾಸಕ್ಕೆ ಪೀಠವೊಂದು ಏರ್ಪಟ್ಟಿತು. ಅದರ ಮೊದಲ ಅಧ್ಯಾಪಕರಾದ ಪೆಟ್ರಿಯವರು ಬರಹದ ಒಂದಕ್ಷರವೂ ಇಲ್ಲದ ಗೋರಿಗಳ ಕಾಲಾನುಕ್ರಮವನ್ನು ಕೇವಲ ಮಡಕೆಗಳ ಆಕಾರದ ಮಾರ್ಪಾಡುಗಳಿಂದ ಕಟ್ಟಿದರು. ಅವರ ಸಂಗ್ರಹವು 1913ರಲ್ಲಿ ಆ ಕಾಲೇಜಿಗೇ ಸೇರಿ ಇಂದಿಗೂ ವಿದ್ಯಾರ್ಥಿಗಳಿಗೆ ಪಾಠವಾಗಿರುವುದು. ಎರಡನೆಯದು ನಮ್ಮ ನಾಡಿನದೇ. ಮಾರ್ಟಿಮರ್ ವ್ಹೀಲರರು 1947ರಲ್ಲಿ ಬ್ರಹ್ಮಗಿರಿ ಚಂದ್ರವಳ್ಳಿಗಳಲ್ಲಿ ಅಗೆದಾಗ, ಅಲ್ಲಿಯ ಪದರಗಳಿಗೆ ಕಾಲವನ್ನು ಕಟ್ಟಿಕೊಟ್ಟುದರಲ್ಲಿ ಮುಖ್ಯವಾದ ಸಾಕ್ಷಿ ಒಂದು ಬಗೆಯ ಗೀರುಚಕ್ರದ ಅಲಂಕಾರವುಳ್ಳ ಮಣ್ಣಿನ ತಟ್ಟೆಯ ಚೂರುಗಳು. ಅಂಥವೇ ಚೂರುಗಳು ಪುದುಚೇರಿಯ ಬಳಿಯ ಅರಿಕಮೇಡಿನಲ್ಲಿ ರೋಮಿನ ವಸ್ತುಗಳೊಡನೆ 1945ರಲ್ಲಿ ದೊರೆತಿದ್ದವು. ಚಂದ್ರವಳ್ಳಿಯಲ್ಲಿ ಅದಕ್ಕೂ ಮೊದಲು 1929ರಲ್ಲಿ ಅಗೆದ ಶ್ರೀ ಎಂ. ಎಚ್. ಕೃಷ್ಣ ಅವರು ಮೈಸೂರು ವಿಶ್ವವಿದ್ಯಾಲಯದ ಅಧ್ಯಾಪಕರೂ ಆಗಿದ್ದವರು. ಒಂದು ಊರಿನ ಚೂರು ಮತ್ತೊಂದು ಊರಿನ ಚೂರನ್ನು ಗುರುತಿಸಬೇಕಾದರೆ ಎರಡನ್ನೂ ಒಂದೇ ಮೇಜಿನ ಮೇಲೆ ಇಟ್ಟು ನೋಡುವ ಸ್ಥಳವು ಬೇಕು.

ಧಾರವಾಡಕ್ಕೆ ನ್ಯಾಯವಾಗಿ ಸಲ್ಲಬೇಕಾದುದನ್ನು ಇಲ್ಲಿಯೇ ಹೇಳಬೇಕು. ಅಕ್ಷರದ ಕಡೆಗಿನ ವಾಲಿಕೆಯನ್ನು ಆ ವಿಶ್ವವಿದ್ಯಾಲಯವೇ ತಿದ್ದಿಕೊಳ್ಳಹೊರಟುದಕ್ಕೆ ಎರಡು ಗ್ರಂಥಗಳು ಸಾಕ್ಷಿ. ಶ್ರೀ ಆರ್. ವಿ. ಜೋಶಿಯವರು ಮಲಪ್ರಭೆಯ ಕೊಳ್ಳದ ಆದಿಶಿಲಾಯುಗವನ್ನು ಕುರಿತು ಬರೆದ ಗ್ರಂಥವು 1955ರಲ್ಲಿ ಪುಣೆ ಧಾರವಾಡಗಳ ಕೂಡುಪ್ರಕಟಣೆಯಾಗಿ ಬಂದಿತು. ಖಾನಾಪುರದ ಕಡೆಯಿಂದ ಹರಿದುಬಂದು ಸವದತ್ತಿ ರಾಮದುರ್ಗಗಳ ಹೊಲಗಳಿಗೆ ನೀರೂ ಮಣ್ಣೂ ಒದಗಿಸುವ ಹೊಳೆಯ ದಂಡೆಯಲ್ಲಿ, ಬರಹವು ಹುಟ್ಟುವುದಕ್ಕೆ ಎಷ್ಟೋ ಸಹಸ್ರಮಾನಗಳ ಹಿಂದಿನ ಮನುಷ್ಯನ ಕೈಗೊಡಲಿಗಳಿವೆಯೆಂಬುದನ್ನು ಈ ಭಾಗದವರು ಪುಸ್ತಕದಲ್ಲಿ ಕಾಣುವಂತಾಯಿತು. ಎರಡನೆಯದು ಶ್ರೀ ಅ. ಸುಂದರ ಅವರ 1975ರ ಗ್ರಂಥ. ಉತ್ತರ ಕರ್ನಾಟಕದ ಕಬ್ಬಿಣಯುಗದ ಬೃಹತ್ ಶಿಲಾಸಮಾಧಿಗಳನ್ನು ಕುರಿತುದು. ಗೋಕಾಕದ ಹತ್ತಿರದ ಕೊಣ್ಣೂರಿನಲ್ಲಿ ಕಲ್ಲುಚಪ್ಪಡಿಗಳ ಮನೆಗಳಂತೆ ನಿಂತಿರುವ ಸಮಾಧಿಗಳನ್ನು ಜನರು ಪಾಂಡವರ ತಲೆಗೆ ಕಟ್ಟಿ ಸುಮ್ಮನಾಗಿದ್ದರು. ಸುಂದರ ಅವರು ಇಂಥವನ್ನು ಊರೂರು ತಿರುಗಿ ಅಳೆದು, ಚಪ್ಪಡಿಯಲ್ಲಿ ಕೊರೆದ ಕಿಂಡಿಯ ದಿಕ್ಕು, ಒಳಹೋಗುವ ಓಣಿಯ ಆಕಾರ ಇವುಗಳಿಂದ ವರ್ಗಗಳನ್ನು ಕಲ್ಪಿಸಿದರು. ಗ್ರಂಥದ ಗದ್ಯವು ಒಣಗಿದುದು, ಅಳತೆಗಳ ಹೊರೆಯಿಂದ ಬಾಗಿದುದು. ಓದುಗನನ್ನು ಒಲಿಸಿಕೊಳ್ಳುವ ಹಂಬಲವೇ ಅದಕ್ಕಿಲ್ಲ. ಆದರೆ ಅದರ ಅಳತೆಗಳು ನಿಂತ ನೆಲವು ಗಟ್ಟಿಯಾದುದು. ಬೆಳಗಾವಿಯ ಮಗ್ಗುಲಿನ ವಡಗಾಂವ-ಮಾಧವಪುರದಲ್ಲಿ ಸಾತವಾಹನರ ಕಾಲದ ಪಟ್ಟಣವನ್ನು ಅಗೆದು ತೆಗೆದುದರಲ್ಲಿಯೂ ಅವರದೇ ಮುಂದಾಳುತನ. ರಟ್ಟರಿಗೆ ಸಾವಿರ ವರ್ಷಗಳ ಹಿಂದೆ ಬೆಳಗಾವಿಯ ನೆಲದಲ್ಲಿ ನಗರಜೀವನವಿದ್ದಿತೆಂದು ತಿಳಿದುದು ಈ ಅಗೆತದಿಂದ.

ಹೀಗಿರುವಾಗ ಒಂದು ವಸ್ತುವಿನ ಬೆಲೆಯು ಯಾವುದರಲ್ಲಿದೆ? ಅದರ ಅಂದದಲ್ಲಿಯಲ್ಲ, ಪ್ರಾಚೀನತೆಯಲ್ಲಿಯೂ ಅಲ್ಲ. ಅದು ಎಲ್ಲಿತ್ತು, ಯಾವುದರ ಜೊತೆಗಿತ್ತು ಎಂಬ ತಿಳಿವಳಿಕೆಯಲ್ಲಿ. ನಮ್ಮ ನಾಡಿನ ಸಂಗ್ರಹಾಲಯಗಳಲ್ಲಿ ಎಷ್ಟೋ ಕಡೆ ‘ವಿಷ್ಣು, ಹನ್ನೆರಡನೆಯ ಶತಮಾನ’ ಎಂಬಷ್ಟೇ ಚೀಟಿಯನ್ನು ಹೊತ್ತ ವಿಗ್ರಹಗಳುಂಟು. ಹನ್ನೆರಡನೆಯ ಶತಮಾನವೆಂಬುದು ನೋಡಿದವನು ಊಹಿಸಬಹುದಾದ ಮಾತು. ಯಾವ ಊರು, ಯಾರ ಹೊಲ, ಎಷ್ಟು ಆಳ, ಪಕ್ಕದಲ್ಲೇನಿದ್ದಿತು ಎಂಬುದು ಯಾರೂ ಊಹಿಸಲಾಗದ ಮಾತು. ಊಹಿಸಬಹುದಾದುದನ್ನು ಬರೆದು ಊಹಿಸಲಾಗದುದನ್ನು ಬಿಟ್ಟ ಚೀಟಿಯು ವಿದ್ಯಾರ್ಥಿಗೆ ಏನನ್ನು ಹೇಳೀತು? ಕಿತ್ತೂರಿನ ಬಳಿಯ ದೇಗಾಂವಿಯ ಕಮಲನಾರಾಯಣ ಗುಡಿಯನ್ನು ನೋಡಬಹುದು. ಗೋವೆಯ ಕದಂಬರ ರಾಣಿ ಕಮಲಾದೇವಿಯು ಕಟ್ಟಿಸಿದುದು. ತಿಪ್ಪೋಜನೆಂಬ ಶಿಲ್ಪಿಯ ಹೆಸರು ಉಳಿದುಬಂದಿದೆ. 1174ರ ಶಾಸನದ ಆಧಾರವೂ ಉಂಟು. ಅಲ್ಲಿಯ ಒಂದು ಕಂಬವು ಕಂಬಗಳ ಸಾಲಿನಲ್ಲಿ ನಿಂತಿರುವವರೆಗೆ ಅದಕ್ಕೆ ಶಿಲ್ಪಿಯುಂಟು, ರಾಣಿಯುಂಟು, ವರ್ಷವುಂಟು. ಅದನ್ನು ಎತ್ತಿ ಹೆಸರಿಲ್ಲದ ಒಂದು ಹಜಾರದಲ್ಲಿ ನಿಲ್ಲಿಸಿದರೆ ಚೆಲುವಾದೊಂದು ಕಲ್ಲುಮಾತ್ರ ಉಳಿಯುವುದು.

ಈ ದೃಷ್ಟಿಯಿಂದ ಮೊದಲಿನ ಪ್ರಶ್ನೆಗೆ ಉತ್ತರವನ್ನು ಹೇಳಬಹುದು. ಪೂಜೆಯಲ್ಲಿರುವ ವಿಗ್ರಹವೂ, ಗುಡಿಯ ಅಂಗವಾಗಿ ನಿಂತ ಶಾಸನವೂ, ಗೋಡೆಗೆ ಸೇರಿದ ಶಿಲ್ಪವೂ ಊರಿನಲ್ಲಿಯೇ ಇರತಕ್ಕದ್ದು. ನೇಸರಗಿಯಲ್ಲಿ ಜೋಡುಗುಡಿಯೆಂದು ಜನರು ಕರೆಯುವ ಹಳೆಯ ದೇಗುಲವು ಇರುವಾಗ, ಹಬ್ಬೇಶ್ವರನ ಹೆಸರನ್ನು ಹೇಳುವ ಕಲ್ಲನ್ನು ಹಬ್ಬೇಶ್ವರನಿಂದ ಅಗಲಿಸಿ ಧಾರವಾಡಕ್ಕೆ ಒಯ್ಯುವುದರಿಂದ ಧಾರವಾಡಕ್ಕೂ ಲಾಭವಿಲ್ಲ. ಧಾರವಾಡಕ್ಕೆ ಹೋಗತಕ್ಕದ್ದು ಅದರ ಪಡಿಯಚ್ಚು, ಗುಡಿಯ ನಕ್ಷೆ, ಅಳತೆ, ಛಾಯಾಚಿತ್ರ. ಅದಕ್ಕೆ ಬದಲು ನೇಗಿಲಿಗೆ ತಗಲಿ ಮೇಲೆ ಬಂದುದು, ಬಾವಿ ತೋಡುವಾಗ ಸಿಕ್ಕುದು, ರಸ್ತೆ ಅಗಲಿಸುವಾಗ ಮುರಿದುಬಿದ್ದುದು, ತಿಪ್ಪೆಯ ಮಣ್ಣಿನಲ್ಲಿ ಕಂಡ ಬೋಕಿ, ಎಲ್ಲಿಯೂ ಸೇರದ ಇಂಥವನ್ನು ಸಂಗ್ರಹಾಲಯವು ತೆಗೆದುಕೊಳ್ಳಬೇಕು; ತೆಗೆದುಕೊಂಡ ದಿನವೇ ಊರು, ಹೊಲ, ಸರ್ವೆ ನಂಬರು, ಕಂಡ ಬಗೆ ಇವನ್ನು ಬರೆದಿಡಬೇಕು.

ಇದಕ್ಕೆ ಒಂದು ಪ್ರತಿವಾದವುಂಟು. ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಊರಿನಲ್ಲಿಯೇ ಬಿಟ್ಟ ಕಲ್ಲುಗಳ ಗತಿಯೇನಾಗುವುದೆಂಬುದನ್ನು ಹಳ್ಳಿಗಳನ್ನು ಬಲ್ಲವರೆಲ್ಲರೂ ಬಲ್ಲರು. ಶಾಸನದ ಮೇಲೆ ವರ್ಷವರ್ಷ ಸುಣ್ಣ ಬಳಿಯುವುದು, ವೀರಗಲ್ಲನ್ನು ಬಟ್ಟೆ ಒಗೆಯುವ ಬಂಡೆಯಾಗಿ ಮಾಡುವುದು, ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಗೋಡೆಯನ್ನು ಕೆಡವಿ ಕಲ್ಲನ್ನು ಅಡಿಪಾಯಕ್ಕೆ ಹಾಕುವುದು—ಇವೆಲ್ಲ ನಡೆಯುವ ಸಂಗತಿಗಳೇ. ಲಂಡನ್ನಿಗೆ ಹೋದ ಬೆಳಗಾವಿಯ ಎರಡು ಕಲ್ಲುಗಳು ಅಲ್ಲಿ ಸುರಕ್ಷಿತವಾಗಿವೆಯೆಂಬುದೂ, ಬಾರ್ನೆಟ್ಟರು ಅವನ್ನು ‘ಎಪಿಗ್ರಾಫಿಯಾ ಇಂಡಿಕಾ’ದ ಹದಿಮೂರನೆಯ ಸಂಪುಟದಲ್ಲಿ ಶ್ರದ್ಧೆಯಿಂದ ಸಂಪಾದಿಸಿದರೆಂಬುದೂ ನಿಜವೇ. ಆದರೆ ಸುರಕ್ಷಿತತೆಯೊಂದೇ ಅಳತೆಗೋಲಾದರೆ ಎಲ್ಲ ಕಲ್ಲುಗಳಿಗೂ ಬೀಗವೇ ಗತಿ. ಬ್ರಿಟಿಷ್ ಮ್ಯೂಜಿಯಮ್ಮಿನಲ್ಲಿ ಆ ಕಲ್ಲುಗಳ ಮುಂದೆ ನಿಂತವರಲ್ಲಿ ಬೀಚಣನ ಕನ್ನಡವನ್ನು ಓದಬಲ್ಲವರು ಎಷ್ಟು ಮಂದಿ? ಅವುಗಳಿಗೆ ಹೊಂದಿಕೊಂಡ ಕಲ್ಹೊಳೆಯ ಶಾಸನವೋ ನೇಸರಗಿಯ ಶಾಸನವೋ ಹತ್ತಿರದಲ್ಲಿ ಎಲ್ಲಿ? ರಟ್ಟರ ಶಾಸನಗಳ ಪಡಿಯಚ್ಚುಗಳೆಲ್ಲವೂ, ಆ ಎರಡರವೂ ಸೇರಿ, ಒಂದೇ ಗೋಡೆಯ ಮೇಲೆ ವರ್ಷಾನುಕ್ರಮವಾಗಿ ನಿಂತು, ಪಕ್ಕದಲ್ಲಿ ಊರುಗಳ ನಕ್ಷೆಯೊಂದು ಇದ್ದರೆ ಒಂದು ಮುಂಜಾವಿನಲ್ಲಿ ವಿದ್ಯಾರ್ಥಿಯು ಕಲಿಯುವುದನ್ನು ಲಂಡನ್ನು ಒಂದು ವರ್ಷದಲ್ಲಿಯೂ ಕಲಿಸಲಾರದು. ಇದಕ್ಕೆ ಕಲ್ಲನ್ನು ಸಾಗಿಸಬೇಕಾಗಿಲ್ಲ, ಕಾಗದವು ಸಾಕು.

ಊರಿನವರ ಅಲಕ್ಷ್ಯವನ್ನು ನಿಂದಿಸುವುದು ಸುಲಭ. ಅವರಿಗೆ ತಿಳಿಯುವ ಮಾತಿನಲ್ಲಿ ತಿಳಿಸಿದವರಾರು ಎಂಬುದನ್ನೂ ಕೇಳಬೇಕಾಗುವುದು. ಫ್ಲೀಟರ ಓದು ಇಂಗ್ಲಿಷಿನಲ್ಲಿ, ಬಾರ್ನೆಟ್ಟರದು ಇಂಗ್ಲಿಷಿನಲ್ಲಿ, ಜೋಶಿಯವರದೂ ಸುಂದರ ಅವರದೂ ಇಂಗ್ಲಿಷಿನಲ್ಲಿಯೇ. ಪಂಡಿತರ ಜಗತ್ತಿಗೆ ಅದು ಬೇಕು, ಸರಿ. ಆದರೆ ನೇಸರಗಿಯ ಕಲ್ಲು ಕನ್ನಡದ್ದು. ಅದರ ವಿವರಣೆಯು ನೇಸರಗಿಗೆ ಇಂಗ್ಲಿಷಿನಲ್ಲಿ ಮರಳಿದರೆ ಯಾರು ಓದುವರು? ಈ ಕೊರತೆಯನ್ನು ಅರಿತವರು ಧಾರವಾಡದಲ್ಲಿ ಇರಲಿಲ್ಲವೆಂದಲ್ಲ. ಶ್ರೀ ಎಂ. ಎಂ. ಕಲಬುರ್ಗಿಯವರು ಶಾಸನಗಳಲ್ಲಿ ಬರುವ ಶಿವಶರಣರನ್ನು ಕುರಿತು ಕನ್ನಡದಲ್ಲಿಯೇ ಗ್ರಂಥ ಬರೆದರು. ಧಾರವಾಡ ಜಿಲ್ಲೆಯ ಶಾಸನಗಳಿಗೆ ಸೂಚಿಯನ್ನೂ ಸಿದ್ಧಪಡಿಸಿದರು. ಸೂಚಿಯೆಂದರೆ ವಿದ್ವತ್ತಿನ ಕೂಲಿಕೆಲಸವೆಂದು ಕೆಲವರು ಮೂಗುಮುರಿಯುವರು. ಅದರಿಂದ ಉಪಕಾರ ಪಡೆದವರು ಹಾಗೆ ಮಾಡರು.

ವಿಶ್ವವಿದ್ಯಾಲಯದ ಸಂಗ್ರಹಾಲಯವು ಯಾವುದೇ ಇರಲಿ, ಅದರಿಂದ ಈ ಭಾಗದ ಮನೆತನಗಳು ಕೇಳಬಹುದಾದ ಮೊದಲ ಋಣವು ಇಂಥ ಸೂಚಿಯೇ. ಊರುಗಳ ಹೆಸರಿನಿಂದ ಅಕಾರಾದಿಯಾಗಿ, ಕನ್ನಡದಲ್ಲಿ: ಬೈಲಹೊಂಗಲ ತಾಲೂಕಿನ ಯಾವ ಊರಿನಿಂದ ಯಾವ ವಸ್ತುವು ಯಾವ ವರ್ಷ ಬಂದಿತು, ಅದರ ಸಂಖ್ಯೆಯೇನು, ಅದನ್ನು ಕುರಿತು ಯಾರು ಎಲ್ಲಿ ಬರೆದಿದ್ದಾರೆ, ಹಾಗೆಯೇ ಸವದತ್ತಿಯದು, ಹೂಲಿಯದು, ರಾಮದುರ್ಗದ್ದು. ವಸ್ತುವು ಬಂದಿಲ್ಲದೆ ಪಡಿಯಚ್ಚು ಮಾತ್ರ ಬಂದಿದ್ದರೆ ಅದನ್ನೂ ಬರೆಯಬೇಕು. ಇಂದಿನ ಛಾಯಾಚಿತ್ರಯಂತ್ರಗಳಿಂದ ಕಲ್ಲಿನ ಮೈಯ ಏರುತಗ್ಗುಗಳನ್ನೆಲ್ಲ ಹಿಡಿದು ಪ್ರತಿರೂಪವನ್ನು ಕೊಡುವ ಅನುಕೂಲವೂ ಒದಗಿದೆ. ಸೂಚಿಯ ಜೊತೆಗೆ ಅಂಥ ಒಂದೆರಡು ಪ್ರತಿರೂಪಗಳು ತಾಲೂಕಿನ ಕಾಲೇಜುಗಳಿಗೆ ಬಂದರೆ ವಿದ್ಯಾರ್ಥಿಯು ಧಾರವಾಡಕ್ಕೆ ಹೋಗುವ ಮೊದಲೇ ‘ಮ’ಕಾರ ‘ವ’ಕಾರಗಳ ಜಗಳವನ್ನು ಬಿಡಿಸಲು ತೊಡಗಬಹುದು. ಹೊಲದಲ್ಲಿ ಕಲ್ಲು ಎದ್ದ ದಿನ ಯಾರಿಗೆ ತಿಳಿಸಬೇಕು, ಬಂದು ನೋಡುವವರು ಬರುವವರೆಗೆ ಅದನ್ನು ತೊಳೆಯದೆ ಕದಲಿಸದೆ ಹೇಗೆ ಇಡಬೇಕು ಎಂಬ ಒಂದು ಪುಟದ ಸೂಚನೆಯನ್ನೂ ಆ ಪುಸ್ತಕದ ಕೊನೆಗೆ ಅಚ್ಚುಮಾಡಿ ಪ್ರತಿಯೊಂದು ಪಂಚಾಯತಿಯ ಕಚೇರಿಗೆ ಕಳಿಸುವುದು ಹೆಚ್ಚಿನ ವೆಚ್ಚದ ಕೆಲಸವೇನೂ ಅಲ್ಲ.